ಮೂರನೇ ಮಹಡಿಯಲ್ಲೇ ಉಳಿದವಳು

ವಾರ್ಡನ್ ಮೇಡಂ ಅವರಿಗೆ,

ನಮಸ್ಕಾರ. ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದ ನನಗೆ ವಾರ್ಡನ್‌ಗೆ ಎದುರು ಮಾತಾಡಿ ಅಭ್ಯಾಸವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೆದರಿಕೆಯೂ ಇದೆ, ಸಿಟ್ಟೂ ಇದೆ.

ನಿನ್ನೆ ಫೈರ್ ಡ್ರಿಲ್‌ಗೆ ಮೊದಲು ನೀವು ನಮ್ಮ ರೂಮಿಗೆ ಬಂದಿರಿ. ಊರುಗೋಲು ಹಿಡಿದು ನಡೆಯುವ ನನ್ನ ರೂಮ್‌ಮೇಟ್‌ಗೆ, "ನೀನು ಮೇಲೇ ಇರಮ್ಮ, ನೀನು ಇಳಿಯೋ ಅಷ್ಟರಲ್ಲಿ ನಮ್ಮ ಟೈಮಿಂಗ್ ಎಲ್ಲಾ ಹಾಳಾಗುತ್ತೆ" ಎಂದಿರಿ.

"ಮೇಡಂ, ನಿಜವಾಗ್ಲೂ ಬೆಂಕಿ ಬಿದ್ರೆ?" ಎಂದೆ.

"ಅಪಶಕುನ ನುಡೀಬೇಡ, ಇಳಿ ಕೆಳಗೆ" ಎಂದು ಗದರಿದಿರಿ. ಇಳಿದೆ.

ಅಂಗಳದಲ್ಲಿ ಅಗ್ನಿಶಾಮಕ ಅಧಿಕಾರಿ "ಎಲ್ರೂ ಬಂದ್ರಾ?" ಎಂದು ಕೇಳಿದಾಗ ನೀವು ಧೈರ್ಯವಾಗಿ "ಎಲ್ರೂ ಸೇಫ್ ಸಾರ್" ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮೂರನೇ ಮಹಡಿಯ ಕಿಟಕಿಯಿಂದ ನಮ್ಮತ್ತ ಕೈ ಬೀಸುತ್ತಿದ್ದಳು!

ನಾನು ಮೇಲೆ ಹೋದಾಗ, "ಏನೇ, ಸತ್ತವರ ಲೆಕ್ಕದಲ್ಲಾದ್ರೂ ನನ್ನ ಸೇರಿಸಿದ್ರಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮೇಡಂ, ನೆಲಮಹಡಿಯ ಗೆಸ್ಟ್ ರೂಮಿನಲ್ಲಿ ಹಳೇ ಮಂಚಗಳನ್ನು ತುಂಬಿಟ್ಟಿದ್ದೀರಿ. ಅದನ್ನು ಖಾಲಿ ಮಾಡಿಸಿ ನಮ್ಮಿಬ್ಬರಿಗೆ ಕೊಡಿ. ಮಂಚಗಳು ನಮ್ಮ ರೂಮಿನಲ್ಲಿರಲಿ, ಬೆಂಕಿ ಬಿದ್ದರೆ ಅವೇನೂ ಮೆಟ್ಟಿಲಿಳಿದು ಓಡಬೇಕಾಗಿಲ್ಲ.

ರೂಮ್ ಸಿಗುವವರೆಗೆ, ಡ್ರಿಲ್ ಗಂಟೆ ಹೊಡೆದಾಗಲೆಲ್ಲ ನಾನು ಅವಳ ಜೊತೆಗೇ ಇಳಿಯುತ್ತೇನೆ, ಒಂದೊಂದೇ ಮೆಟ್ಟಿಲು. ಅಧಿಕಾರಿಗಳಿಗೆ ಕುರ್ಚಿ ಹಾಕಿಸಿ, ಕಾಯಲಿ.

ಇಂತಿ,
ಕೊನೇ ರೂಮಿನ ಫಸ್ಟ್ ಇಯರ್ ವಿದ್ಯಾರ್ಥಿನಿ