ಮೂರನೇ ಸಲ ಫೇಲಾದವಳ ಬಗ್ಗೆ ವಿವರಣೆ

ಮುದ್ದಯ್ಯನಪಾಳ್ಯ, ಯಲಹಂಕ ಹೋಬಳಿ
೨೨-೪-೧೯೭೮

ಮಾನ್ಯ ಇನ್ಸ್‌ಪೆಕ್ಟರ್ ಸಾಹೇಬರಿಗೆ ನಮಸ್ಕಾರ.

ತಾಹೆರಾ ನಾಲ್ಕನೇ ತರಗತಿಯಲ್ಲಿ ಮೂರನೇ ಸಲ ಫೇಲಾದದ್ದೇಕೆಂದು ವಿವರಣೆ ಕೇಳಿದ್ದೀರಿ. ನೀವು ತಪಾಸಣೆಗೆ ಬಂದ ದಿನ ಒಂದನೇ ತರಗತಿಗೆ ಮಗ್ಗಿ ಹೇಳಿಕೊಡುತ್ತಿದ್ದ ಹುಡುಗಿಯೇ ಅವಳು. "ಚುರುಕಾಗಿದ್ದಾಳೆ ಕಣ್ರೀ" ಎಂದು ನೀವೇ ಮೆಚ್ಚಿದ್ದಿರಿ. ಒಂದೇ ಕೋಣೆ, ನಾಲ್ಕು ತರಗತಿ, ನಾನೊಬ್ಬನೇ ಮೇಷ್ಟ್ರು. ಅವಳಿಲ್ಲದೆ ಈ ಶಾಲೆ ನಡೆಯುವುದಿಲ್ಲ ಎಂಬುದು ಬೇರೆ ಮಾತು.

ಪರೀಕ್ಷೆಯಲ್ಲಿ ಅವಳು ಖಾಲಿ ಹಾಳೆ ಕೊಟ್ಟಳು. ಹಿಂದಿನ ಎರಡು ವರ್ಷವೂ ಅಷ್ಟೇ. ಈ ಸಲ ಗದರಿಸಿ ಕೇಳಿದೆ.

"ಪಾಸಾದ್ರೆ ಅಬ್ಬಾ ಮನೇಲೇ ಕೂರಿಸ್ತಾರೆ ಸಾರ್. ಇಲ್ಲಿ ಐದನೇ ಕ್ಲಾಸ್ ಎಲ್ಲಿದೆ?" ಎಂದಳು.

ಅವಳ ತಂದೆ ಮೊಯಿನುದ್ದೀನರ ಬಳಿ ಹೋದೆ. "ಹೆಣ್ಣುಮಗೂನ ಯಲಹಂಕದವರೆಗೂ ಒಬ್ಬಳನ್ನೇ ಹೆಂಗ್ ಕಳಿಸ್ಲಿ ಮೇಷ್ಟ್ರೇ? ಇಲ್ಲೇ ಆದ್ರೆ ಎಷ್ಟು ವರ್ಷ ಬೇಕಾದ್ರೂ ಓದ್ಲಿ" ಎಂದರು.

ಐದನೇ ತರಗತಿ ಮಂಜೂರು ಮಾಡಿ ಎಂದು ಏಳು ಅರ್ಜಿ ಬರೆದಿದ್ದೇನೆ. ಒಂದಕ್ಕೂ ಉತ್ತರವಿಲ್ಲ. ಒಬ್ಬಳು ಫೇಲಾದಳೆಂದು ಮಾತ್ರ ನಿಮ್ಮ ಮೆಮೋ ನಾಲ್ಕೇ ದಿನದಲ್ಲಿ ಬಂತು. ಇದನ್ನು ಎಂಟನೇ ಅರ್ಜಿ ಎಂದು ತಿಳಿಯಿರಿ. ಜೊತೆಗೆ ಇನ್ನೊಂದು ಕಪ್ಪುಹಲಗೆ ಕಳಿಸಿದರೆ ಉಪಕಾರ. ಇರುವ ಒಂದನ್ನು ಗೆರೆ ಎಳೆದು ನಾಲ್ಕು ತರಗತಿಗೂ ಹಂಚಿದ್ದೇನೆ.

ಫಲಿತಾಂಶದ ಪಟ್ಟಿಯನ್ನು ನೀವು ಪೂರ್ತಿ ನೋಡಿದಂತಿಲ್ಲ. ತಾಹೆರಾಳ ಕೆಳಗೆ ಈ ವರ್ಷ ಈರವ್ವ, ಬದರುನ್ನೀಸಾ ಎಂಬ ಇಬ್ಬರ ಹೆಸರಿದೆ. ಅವರೂ ಖಾಲಿ ಹಾಳೆಯನ್ನೇ ಕೊಟ್ಟಿದ್ದಾರೆ. ಅವರಿಗೆ ಭಾಗಾಕಾರ ಕಲಿಸಿದವಳು ತಾಹೆರಾ. ಇದನ್ನೂ ಅವಳೇ ಕಲಿಸಿದ್ದಾಳೆ.

ಇನ್ನೂ ವಿಧೇಯನಾಗಿಯೇ ಇರುವ,
ಗುರುಪಾದಪ್ಪ
ಏಕೋಪಾಧ್ಯಾಯ