ಮೂರನೇ ಒಕ್ಕಣೆ

ತಮ್ಮಾ,

ಊಟ ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ತಿನ್ನು. ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ. ಅಮ್ಮನ ಟವೆಲ್ ಒಗೆಯೋಕೆ ಹಾಕಬೇಡ, ಹಾಗೇ ಇರಲಿ.

ತಾಯಿ ಹೋದ ಮೂರನೇ ದಿನಕ್ಕೇ ಕೆಲಸಕ್ಕೆ ಹೊರಟಳು ಅಂತ ಜನ ಆಡ್ಕೊಂಡ್ರೆ ಆಡ್ಕೊಳ್ಳಲಿ. ಮನೇಲಿ ಕೂರೋಕಾಗಲ್ಲ ನನಗೆ.

ನಿನ್ನೆ ನೆಂಟರೆದುರಿಗೇ ಕೇಳಿದೆಯಲ್ಲ, "ಅಮ್ಮನಿಗೂ ನಿಮ್ಮ ಆಫೀಸಿನ ಮೂರನೇ ಒಕ್ಕಣೇನೇ ಏನಕ್ಕಾ? ನಿನ್ನದೇನು ಕಲ್ಲೆದೆಯಾ?" ಅಂತ. ಹೌದು ಕಣೋ. ಹನ್ನೆರಡು ವರ್ಷದಿಂದ ಪತ್ರಿಕೆಗೆ ಸಾವಿನ ಜಾಹೀರಾತು ಬರೆಯೋಳು ನಾನು. ಕಂಡವರ ಅಮ್ಮಂದಿರಿಗೆಲ್ಲ ಹೊಸ ಹೊಸ ಮಾತು ಹುಡುಕಿ ಕೊಟ್ಟೆ. ನಮ್ಮಮ್ಮನಿಗೆ ಅಂತ ಕೂತರೆ ಒಂದಕ್ಷರ ಹೊರಡಲಿಲ್ಲ. ಆಫೀಸಲ್ಲಿ ನಂಬರ್ ಹಾಕಿ ಅಚ್ಚು ಮಾಡಿಟ್ಟ ಒಕ್ಕಣೆಗಳಲ್ಲಿ ಮೂರನೇದು, "ತುಂಬಲಾರದ ನಷ್ಟ", ಕೈಗೆ ಸಿಕ್ತು, ಅದನ್ನೇ ಹಿಡ್ಕೊಂಡೆ.

ಕರಡು ಮೇಜಿನ ಮೇಲಿದೆ. ನಿನಗೆ ಬೇಕಾದ ಹಾಗೆ ತಿದ್ದು, ನಾನೇನೂ ಅನ್ನಲ್ಲ. ನಾಲ್ಕು ಗಂಟೆಯೊಳಗೆ ಆಫೀಸಿಗೆ ತಂದುಕೊಡು.

ಕೆಳಗೆ "ದುಃಖತಪ್ತರು" ಅನ್ನೋ ಕಡೆ ಅಪ್ಪನ ಹೆಸರಿದೆ, ನಿನ್ನದಿದೆ. ನನ್ನದಿಲ್ಲ. ಮರೆತದ್ದಲ್ಲ. ಎಷ್ಟು ಸಲ ಪೆನ್ನು ಹಿಡಿದರೂ ಕೈ ಓಡಲಿಲ್ಲ. ಅದೊಂದನ್ನ ನೀನೇ ಬರೆದುಬಿಡೋ.

ಅಕ್ಕ