ನಿನ್ನ ಹನ್ನೊಂದು ಕುಣಿಕೆಗಳು

ನನ್ನ ಜಗಳಕ್ಕೆ ಸರಿಸಮನಾಗಿ ನಿಂತ ನಾದಿನಿಗೆ,

ನೀನು ತೀರಿಕೊಂಡು ಐದು ತಿಂಗಳಾಯಿತು. ನಿನ್ನ ಅಣ್ಣ ಹೋದ ಮೇಲೆ ಒಂಬತ್ತು ವರ್ಷ ಈ ಮನೆಯಲ್ಲಿ ನಾವಿಬ್ಬರೇ ಹಾವು ಮುಂಗುಸಿಯ ಹಾಗೆ ಇದ್ದೆವಲ್ಲ, ಆಗೆಲ್ಲ ಒಂದು ದಿನ ಸದ್ದಿಲ್ಲದೆ ಕಳೆದರೆ ಸಾಕಪ್ಪಾ ಎನಿಸುತ್ತಿತ್ತು. ಈಗ ದಿನವಿಡೀ ಸದ್ದಿಲ್ಲ. ಕಿಟಕಿ ತೆರೆದರೆ ಚಳಿ ಎನ್ನುವವರಿಲ್ಲ, ಮುಚ್ಚಿದರೆ ಸೆಕೆ ಎನ್ನುವವರಿಲ್ಲ. ಮೊನ್ನೆ ಹಾಲು ಉಕ್ಕಿಸಿ, ಬೈಗುಳ ಬರುತ್ತದೆಂದು ಸ್ವಲ್ಪ ಹೊತ್ತು ಕಾದೆ.

ನಿನ್ನ ಕೋಣೆಯಲ್ಲಿ, ಗೋಣಿಬಟ್ಟೆಯ ಮೇಲೆ ನೀನು ಮಾಡುತ್ತ ಮುಗಿಸದೆ ಬಿಟ್ಟ ಆ ನೆಲಹಾಸು ಚೌಕಟ್ಟಿಗೆ ಬಿಗಿದಂತೆಯೇ ಇತ್ತು. ಅದಕ್ಕೆಂದು ನೀನು ಹಳೆಯ ಉಣ್ಣೆಕೋಟುಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸುವಾಗ, "ಚಿಂದಿ ಆಯೋದು ಶುರುವಾಯ್ತಾ?" ಎಂದು ಚುಚ್ಚುತ್ತಿದ್ದವಳು ನಾನೇ. ನೀನು ತಲೆ ಎತ್ತದೆ, "ನಿಮ್ಮ ಮಂಚದ ಪಕ್ಕಕ್ಕೆ ಅತ್ತಿಗೆ, ನೆಲ ತಣ್ಣಗಿರತ್ತೆ" ಎಂದಿದ್ದೆ. ವ್ಯಂಗ್ಯ ಎಂದುಕೊಂಡಿದ್ದೆ. ನೀನು ಹೋದ ಮೇಲೆ ಅಳತೆ ಹಿಡಿದು ನೋಡಿದೆ, ಮಂಚದ ಉದ್ದಕ್ಕೆ ಸರಿಯಾಗಿದೆ.

ಅಂದೇ ನಿಶ್ಚಯಿಸಿದೆ. ನಿನ್ನದನ್ನು ಒಂದಿಷ್ಟೂ ಕದಲಿಸದೆ, ಉಳಿದ ಕಾಲುಭಾಗ ನಾನು ಮುಗಿಸಬೇಕು.

ಗ್ರಂಥಾಲಯದ ಮಹಡಿಯಲ್ಲಿ ನಿನಗೆ ಕಲಿಸಿದ ಟೀಚರಮ್ಮನ ಬಳಿಗೇ ಹೋದೆ. ಎಡಗೈ ಗೋಣಿಬಟ್ಟೆಯ ಕೆಳಗೆ ಪಟ್ಟಿ ಹಿಡಿದಿರಬೇಕು, ಬಲಗೈ ಮೇಲಿನಿಂದ ತೂತಿನೊಳಗೆ ಕೊಕ್ಕೆ ಇಳಿಸಿ ಅದನ್ನು ಕುಣಿಕೆಯಾಗಿ ಎಳೆದುಕೊಳ್ಳಬೇಕು. ಇಷ್ಟೇ ವಿದ್ಯೆ. ನನ್ನ ಕುಣಿಕೆಗಳೋ, ಒಂದು ಆನೆ, ಒಂದು ಇರುವೆ. "ಗಂಟು ಹಾಕೋದು ಯಾವಾಗ?" ಎಂದು ಕೇಳಿದೆ. "ಗಂಟೇ ಇಲ್ಲಮ್ಮ. ಅಕ್ಕಪಕ್ಕದವು ಒತ್ಕೊಂಡು ನಿಲ್ತವೆ" ಎಂದರು. ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಪತ್ರ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ನೀನು ಅರ್ಧಕ್ಕೆ ಬಿಟ್ಟ ನೀಲಿ ಪಟ್ಟಿ ಗೋಣಿಯ ಕೆಳಗೆ ನೇತಾಡುತ್ತಿತ್ತು. ಅದರಿಂದಲೇ ಮುಂದುವರಿಸಿದೆ. ನನ್ನ ಸ್ವಭಾವ ಗೊತ್ತಲ್ಲ, ಡಬ್ಬಿ ತುಂಬಿಸುವ ಹಾಗೆ ಒಂದು ತೂತೂ ಬಿಡದೆ ತುರುಕಿದೆ. ಹಾಸು ಉಬ್ಬಿ ಗೂನಾಯಿತು. ಒಂದೆರಡು ತೂತು ಬಿಟ್ಟು ಹಾಕಬೇಕಂತೆ. ಕೋಪ ಮೂಗಿನ ತುದಿಯಲ್ಲೇ ಇರುವವಳು, ಪಟ್ಟಿಯ ತುದಿ ಹಿಡಿದು ಸರ್ರನೆ ಎಳೆದೆ. ನನ್ನವು ಬಂದವು. ಕೈ ನಿಲ್ಲುವಷ್ಟರಲ್ಲಿ ನಿನ್ನವೂ ಬಂದವು. ಒಂದೇ ಪಟ್ಟಿ ತಾನೇ.

ಹನ್ನೊಂದು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ, ಆಟೋ ಬರುವವರೆಗೆ ಕೂತು ನೀನು ಹಾಕಿದ್ದು ಅವೇ. ಅಂಗೈಯಲ್ಲಿ ಆ ಪಟ್ಟಿ ಇನ್ನೂ ಸುಕ್ಕುಸುಕ್ಕಾಗಿಯೇ ಇತ್ತು. ಅದನ್ನು ಹಿಡಿದುಕೊಂಡು ಅತ್ತೆ ಕಣೇ, ನೀನು ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಮತ್ತೆ ಕುಣಿಕೆ ಹಾಕಲು ಕೊಕ್ಕೆ ಎತ್ತಿದೆ. ಹಾಕಿದರೆ ಅವು ನನ್ನ ಕುಣಿಕೆಗಳಾಗುತ್ತವೆ, ನಿನ್ನವಲ್ಲ. ಕೊಕ್ಕೆ ಕೆಳಗಿಟ್ಟೆ.

ಉಳಿದದ್ದೆಲ್ಲ ಮುಗಿಸಿ ಮಂಚದ ಪಕ್ಕಕ್ಕೆ ಹಾಸಿದ್ದೇನೆ. ಆ ಬೆರಳುದ್ದದ ಜಾಗ ಮಾತ್ರ ಬೋಳು. ಬೆಳಿಗ್ಗೆ ಮಂಚದಿಂದ ಕಾಲಿಳಿಸಿದರೆ ಒರಟು ಗೋಣಿ ಅಂಗಾಲಿಗೆ ತಾಗುತ್ತದೆ. "ತಪ್ಪಾಯ್ತು" ಎನ್ನುತ್ತೇನೆ. ಮೂವತ್ತೊಂದು ವರ್ಷ ಒಂದೇ ಸೂರಿನಡಿ ಇದ್ದು ನಿನಗೆ ಒಮ್ಮೆಯೂ ಹೇಳದ ಮಾತು. ಈಗ ದಿನಾ ಹೇಳುತ್ತೇನೆ, "ಇರ್ಲಿ ಬಿಡಿ ಅತ್ತಿಗೆ" ಎನ್ನಲು ನೀನಿಲ್ಲ.

ಎಲ್ಲಿದ್ದರೂ ನೆಮ್ಮದಿಯಾಗಿರು. ನಾನು ಬರುವವರೆಗೆ ಬೇರೆ ಯಾರ ಜೊತೆಗೂ ಜಗಳ ಕಾಯಬೇಡ.

ಇಂತಿ,
ನಿನ್ನ ಅತ್ತಿಗೆ